ಹೊಸ ಸದಸ್ಯರಿಗೆ ಹಿಂದಿನ ಸಂದೇಶಗಳು

ಕಿಟಕಿಗೆ ಎದುರಾದ ಹಲಗೆಯ ಮೇಲೆ ಗಾರೆಯ ದವಡೆಗಳು ಸಾಲಾಗಿ ಕೂತಿವೆ. ಬೆಳಗಿನ ಬಿಸಿಲು ಹಲಗೆಯನ್ನು ಇನ್ನೂ ಪೂರ್ತಿ ಏರಿಲ್ಲ. ಅರ್ಧ ದವಡೆಗಳು ಬೆಳಕಿನಲ್ಲಿವೆ, ಉಳಿದರ್ಧ ತಮ್ಮ ಸರದಿಗೆ ಕಾಯುತ್ತಿವೆ. ಒಂದೊಂದೂ ಇಲ್ಲಿ ಇಲ್ಲದ ಯಾರದೋ ಬಾಯಿ. ಒಂದು ಅಗಲ, ಒಂದು ಇಕ್ಕಟ್ಟು; ಒಂದರಲ್ಲಿ ಉಳಿದಿರುವುದು ಒಂಟಿ ಕೋರೆಹಲ್ಲು, ಕೊನೆಯ ಬಸ್ಸು ಹೋದ ಮೇಲೂ ನಿಲ್ದಾಣದಲ್ಲಿ ನಿಂತವನ ಹಾಗೆ. ಸಾಲಿನ ತುದಿಯಲ್ಲಿ ಕೀಲಿರುವ ಹಿತ್ತಾಳೆಯ ಚೌಕಟ್ಟು. ಅದರೊಳಗೆ ಮೇಲಿನ ದವಡೆ ಕೆಳಗಿನದನ್ನು ಮುಟ್ಟಿಯೂ ಮುಟ್ಟದಂತೆ ನಿಂತಿದೆ, ಎರಡರ ಮೇಲೂ ನಸುಗೆಂಪು ಮೇಣದ ಒಸಡು. ಪಕ್ಕದಲ್ಲಿ ಮೇಣ ಕೊರೆಯುವ ಚಾಕು, ಆರಿದ ಸ್ಪಿರಿಟ್ ದೀಪ, ಮಡಿಸಿಟ್ಟ ಕನ್ನಡಕ. ಗಾರೆಯ ಸಣ್ಣ ಧೂಳು ಎಲ್ಲದರ ಮೇಲೂ ಒಂದೇ ಸಮನೆ ಇಳಿದಿದೆ. ಮಾತಾಡಲು ಬಾಯಿ ತೆರೆದು ಮಾತನ್ನೇ ಮರೆತ ಸಭೆಯಂತಿದೆ ಆ ಹಲಗೆ.

ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳುಹಿಸಿದರೆ ಅದಕ್ಕೆ ಹಲ್ಲು ಕಟ್ಟಿಕೊಡುವುದು ಈ ಕಾರ್ಯಾಗಾರದ ಕೆಲಸ. ಅಚ್ಚಿಗೆ ಗಾರೆ ಸುರಿದು ದವಡೆ ಎಬ್ಬಿಸುವವನನ್ನು ಎಲ್ಲರೂ ಗಾರೆ ಎಂದೇ ಕರೆಯುತ್ತಿದ್ದರು. ಹಲ್ಲಿನ ಬಣ್ಣ ಹೊಂದಿಸುವವಳು ಬಣ್ಣದಮ್ಮ. ಮೇಣದ ಒಸಡಿನಲ್ಲಿ ಹಲ್ಲು ಕೂರಿಸುವವರು ಇಬ್ಬರು: ಭಾವ ಮತ್ತು ಕವಿ. ಭಾವ ನಿಜವಾಗಿ ಕವಿಗೆ ಮಾತ್ರ ಭಾವ, ಅವನ ಅಕ್ಕನ ಗಂಡ. ಆದರೆ ಅವನ ಬಾಯಿಂದ ಕೇಳಿ ಕೇಳಿ ಅವರು ಕಾರ್ಯಾಗಾರಕ್ಕೆಲ್ಲ ಭಾವನಾಗಿದ್ದರು, ಕೆಳಗಿನ ಔಷಧಿ ಅಂಗಡಿಯವನಿಗೂ. ಕವಿಗೆ ಆ ಹೆಸರು ಬಂದದ್ದು ಮಾತುಮಾತಿಗೆ ಪ್ರಾಸ ಜೋಡಿಸುವ ಚಟದಿಂದ. ಅವನ ಒಂದು ಪದ್ಯವೂ ಎಲ್ಲಿಯೂ ಅಚ್ಚಾಗಿರಲಿಲ್ಲ. ಹರೆಯದಲ್ಲಿ ಕೆಲಸವಿಲ್ಲದೆ ಬೀದಿ ಅಳೆಯುತ್ತಿದ್ದ ಅವನನ್ನು ಕರೆತಂದು ಕೈಗೆ ಚಾಕು ಕೊಟ್ಟವರು ಭಾವ. "ಮೇಣಕ್ಕೆ ಹೆದರಬೇಡ, ಅದು ನಿನಗಿಂತ ಮೆತ್ತಗೆ" ಎಂಬುದು ಅವರ ಮೊದಲ ಪಾಠ. ಈಗ ಕವಿಯ ಮೀಸೆಯೂ ಗಾರೆಯ ಬಣ್ಣಕ್ಕೆ ತಿರುಗಿತ್ತು.

ಭಾವನ ಬಲಗೈ ನಡುಗತೊಡಗಿ ಬಹಳ ಕಾಲವಾಗಿತ್ತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಅಂಗಿಯ ಗುಂಡಿ ಹಾಕಲು ಅಕ್ಕನೇ ಬೇಕಿತ್ತು. ಆದರೆ ಚಾಕು ಹಿಡಿದೊಡನೆ ನಡುಕ ನಿಂತುಬಿಡುತ್ತದೆಂದು ಅವರು ಮನಸಾರೆ ನಂಬಿದ್ದರು. ನಂಬಲು ಕಾರಣವೂ ಇತ್ತು. ಸಂಜೆ ಬಿಟ್ಟುಹೋಗುವಾಗ ಒಂದೆರಡು ಹಲ್ಲು ವಾಲಿದಂತೆ ಕಂಡರೂ ಬೆಳಿಗ್ಗೆ ಬಂದು ನೋಡಿದರೆ ಸಾಲು ನೆಟ್ಟಗಿರುತ್ತಿತ್ತು.

"ಮೇಣ ತಣ್ಣಗಾಗ್ತಾ ತಾನೇ ಕೂತ್ಕೊಳ್ಳುತ್ತೆ ಕಣಯ್ಯಾ. ನಾವು ದಾರಿ ತೋರಿಸಿದ್ರೆ ಸಾಕು" ಎನ್ನುತ್ತಿದ್ದರು.

"ಮೇಣಕ್ಕೂ ನಿಮ್ಮನ್ನ ಕಂಡ್ರೆ ಭಯಭಕ್ತಿ, ಭಾವ" ಎನ್ನುತ್ತಿದ್ದ ಕವಿ.

ಕೂರಿಸುತ್ತಿದ್ದುದು ಮೇಣವಲ್ಲ, ಕವಿ. ಭಾವ ಮೆಟ್ಟಿಲಿಳಿದು ಹೋದ ಮೇಲೆ ಅವರ ದೀಪವನ್ನೇ ಹಚ್ಚಿ, ಅವರ ಚಾಕುವನ್ನೇ ಕಾಯಿಸಿ, ದಾರಿ ತಪ್ಪಿದ ಹಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ಸರಿಯಾದ ಜಾಗಕ್ಕೆ ತರುತ್ತಿದ್ದ. ಯಾರೂ ಹೇಳದೆ ಶುರುವಾದ ಈ ಕೆಲಸದಲ್ಲಿ, ಗುರುವಿನ ಹಾಸಿಗೆ ಮಡಿಸಿಟ್ಟಂಥ ಒಂದು ಮೌನವಾದ ಸುಖವಿತ್ತು. ಅದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ತಾನು ಮಾಡಿದ ಒಳ್ಳೆಯದು ಯಾರಿಗೂ ಕಾಣದೆ ಹೋಗುವುದನ್ನು ತಾಳಿಕೊಳ್ಳುವಷ್ಟು ಅವನು ದೊಡ್ಡವನಾಗಿರಲಿಲ್ಲ.

ಕಾರ್ಯಾಗಾರದವರ ಮೊಬೈಲ್ ಗುಂಪೊಂದಿತ್ತು. ಕವಿಯೇ ಕಟ್ಟಿದ್ದು, 'ಮೂವತ್ತೆರಡು' ಎಂದು ಹೆಸರಿಟ್ಟಿದ್ದ. ಭಾವನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹೀಗಾಗಿ ಗುಂಪಿನಲ್ಲಿ ಅವರಿರಲಿಲ್ಲ. ಗುಂಪಿನ ತುಂಬ ಅವರೇ ಇದ್ದರು. ಅವರು ವಾಲಿಸಿದ ಹಲ್ಲಿನ ಒಂದು ಚಿತ್ರ, ತಾನು ತಿದ್ದಿದ ಮೇಲಿನ ಇನ್ನೊಂದು ಚಿತ್ರ, ಅದರ ಕೆಳಗೆ ಎರಡು ಸಾಲಿನ ಪದ್ಯ. ಕಳುಹಿಸಿ ಕಣ್ಣು ಮಿಟುಕಿಸುವುದರೊಳಗೆ ನಗುವ ಮುಖಗಳು ಸಾಲುಗಟ್ಟುತ್ತಿದ್ದವು. ಜೀವಮಾನದಲ್ಲಿ ಅವನಿಗೆ ದೊರೆತ ಮೊದಲ ಓದುಗರು ಅವರು.

ಅಕ್ಕನ ಉಳಿದ ಹಲ್ಲುಗಳನ್ನೂ ವೈದ್ಯರು ಕಿತ್ತದ್ದು ಆ ದಿನಗಳಲ್ಲೇ. ಒಂದು ಕಾಲಕ್ಕೆ ಅವಳು ನಕ್ಕರೆ ಬೀದಿಯ ತಿರುವಿಗೆ ಕೇಳಿಸುತ್ತಿತ್ತು. ಬಾಯಿ ಬೋಳಾದ ಮೇಲೆ ಕೈ ಅಡ್ಡ ಹಿಡಿದು, ಕದ್ದವಳ ಹಾಗೆ ನಗುತ್ತಿದ್ದಳು. "ಊರ ಬಾಯಿಗೆಲ್ಲ ಕಟ್ಟಿದೀನಿ. ಮನೆ ಬಾಯಿಗೆ ಇನ್ನೊಬ್ಬರ ಕೈ ಬೇಡ" ಎಂದು ಭಾವ ಅವಳ ಕಟ್ಟುಹಲ್ಲಿನ ಸೆಟ್ಟನ್ನು ತಾವೇ ಎತ್ತಿಕೊಂಡರು. ದಿನಗಟ್ಟಲೆ, ಉಸಿರು ಬಿಗಿಹಿಡಿದು, ಒಂದೊಂದು ಹಲ್ಲನ್ನೂ ಮಗುವನ್ನು ಮಲಗಿಸುವಂತೆ ಕೂರಿಸಿದರು. ಅವರು ಕೂರಿಸಿದ್ದನ್ನು ಕವಿ ಒಂದನ್ನೂ ಬಿಡದೆ ಕಿತ್ತು ಮತ್ತೆ ಕೂರಿಸಿದ. ಸೆಟ್ಟು ಸಿದ್ಧವಾಗಿ ಅಕ್ಕನ ಬಾಯಿಗೆ ಹೋಯಿತು. ಅವಳು ಕೈ ಅಡ್ಡ ಹಿಡಿಯುವುದನ್ನು ಬಿಟ್ಟಳು. ಭಾವ ಆ ದಿನ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು. ನಡೆಯುವಾಗ ಅವರ ಬೆನ್ನು ಕೂಡ ಸ್ವಲ್ಪ ನೆಟ್ಟಗಾಗಿತ್ತು.

ಮರುದಿನ ಅವರು ಹೊಸ ಫೋನು ಹಿಡಿದು ಬಂದರು.

"ನೋಡಯ್ಯಾ ಮೈದುನ, ನಾನೂ ದೊಡ್ಡಮನುಷ್ಯ ಆದೆ. ಮಗಳು ಕೊಡಿಸಿದ್ಲು."

"ಏನ್ ಭಾವ ಇದು, ನಿಮ್ಮ ಊಟದ ಡಬ್ಬಿಗಿಂತ ದೊಡ್ಡದಿದೆ!" ಎಂದ ಗಾರೆ.

"ಡಬ್ಬೀಲಿ ಊಟ ಆದ್ರೂ ಇರುತ್ತೆ. ಇದರಲ್ಲಿ ಏನಿದೆ ಅಂತ ನೀವೇ ಹೇಳ್ಬೇಕು."

"ಇನ್ಮೇಲೆ ನೀವು ಬೆಳಿಗ್ಗೆ ಬೆಳಿಗ್ಗೆ ನಮಗೆಲ್ಲ ಹೂವಿನ ಚಿತ್ರ ಕಳಿಸ್ತೀರ, ಅಷ್ಟೇ" ಎಂದಳು ಬಣ್ಣದಮ್ಮ, ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡೇ.

"ಅಕ್ಷರ ಸಣ್ಣದು, ನನ್ನ ಕಣ್ಣಿಗೆ ಹಿಡಿಯಲ್ಲ ಅಂದೆ. ಅದಕ್ಕೆ ಅದೇ ಓದಿ ಹೇಳೋ ಹಾಗೆ ಮಾಡಿಕೊಟ್ಟಿದ್ದಾಳೆ. ಇಲ್ಲಿ ಒತ್ತಿದ್ರೆ ಒಬ್ಬಳು ಹೆಂಗಸು ಮಾತಾಡ್ತಾಳೆ. ನಿಮ್ಮಕ್ಕ ಆಗಲೇ ಅವಳ ಹತ್ತಿರ ಜಗಳ ತೆಗೆದಿದ್ದಾಳೆ."

ಕವಿ ಕೈಯೊರೆಸಿಕೊಂಡು ಮುಂದೆ ಬಂದ. ಈ ವಿದ್ಯೆಗೆ ಕಾರ್ಯಾಗಾರದಲ್ಲಿ ಅವನೇ ಮೇಷ್ಟ್ರು. ಕಳುಹಿಸಿದ ಮಾತನ್ನು ತಿದ್ದುವ ಸೌಲಭ್ಯ ಬಂದಾಗ, ತಾನಾಗಿ ಮಾಯವಾಗುವ ಸಂದೇಶ ಬಂದಾಗ, ಬಾಯಲ್ಲಿ ಆಡಿದ್ದು ಅಕ್ಷರವಾಗುವುದು ಬಂದಾಗ ಮೊದಲು ಒತ್ತಿ ನೋಡಿ, ಉಳಿದವರಿಗೆ ಪಾಠ ಹೇಳಿದವನು ಅವನು. ಭಾವನ ಫೋನಿನಲ್ಲಿ ಎಲ್ಲರ ಹೆಸರನ್ನೂ ಅವನೇ ಬರೆದುಕೊಟ್ಟ. ತನ್ನ ಹೆಸರಿನ ಜಾಗದಲ್ಲಿ 'ಪ್ರೀತಿಯ ಮೈದುನ' ಎಂದು ಬರೆದು ತೋರಿಸಿದ. ಭಾವ ನಕ್ಕು ಅವನ ಬೆನ್ನಿಗೊಂದು ಕೊಟ್ಟರು. ಆಮೇಲೆ ಕವಿ ತನ್ನ ಫೋನು ತೆಗೆದು ಅವರನ್ನು ಗುಂಪಿಗೆ ಸೇರಿಸಿದ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಹೊಸ ಸದಸ್ಯರಿಗೆ ಹಿಂದಿನ ಸಂದೇಶಗಳನ್ನೂ ಕಳುಹಿಸಬೇಕೆ?

"ಇದು ಹೊಸದು, ಈ ಸಲದ ಅಪ್‌ಡೇಟಲ್ಲಿ ಬಂದಿದೆ" ಎಂದ ಕವಿ, ದನಿ ಸ್ವಲ್ಪ ಏರಿಸಿ. "ಮುಂಚೆ ಏನಾಗ್ತಿತ್ತು, ಗುಂಪಿಗೆ ಬಂದವರಿಗೆ ಬಂದಮೇಲಿನ ಮಾತು ಮಾತ್ರ ಕಾಣ್ತಿತ್ತು. ಈಗ ಹಾಗಲ್ಲ. ಹಿಂದಿನದೂ ಸಿಗುತ್ತೆ, ಮೊದಲಿಂದ ಇದ್ದವರ ಹಾಗೇ."

ಅವನ ಮನಸ್ಸಿನಲ್ಲಿದ್ದದ್ದು ಒಂದೇ ಚಿತ್ರ. ಅಕ್ಕನ ಸೆಟ್ಟು ಸಿದ್ಧವಾದ ದಿನ, ಕಪ್ಪು ಬಟ್ಟೆಯ ಮೇಲಿಟ್ಟು ತೆಗೆದದ್ದು. ಅದಕ್ಕೆ ಬಣ್ಣದಮ್ಮ 'ಎಂಥ ಸೊಗಸು' ಎಂದು ಬರೆದಿದ್ದಳು. ಅದನ್ನು ಭಾವ ನೋಡಲಿ, ನೋಡಿ ಹಿಗ್ಗಲಿ ಎಂಬ ಆಸೆ. ಚಿತ್ರ ನೆನಪಿತ್ತು, ಹೊಗಳಿಕೆ ನೆನಪಿತ್ತು. ಚಿತ್ರದ ಕೆಳಗೆ, ಅದಕ್ಕೂ ಹಿಂದೆ, ತಾನು ಬರೆದದ್ದು ಆ ಕ್ಷಣಕ್ಕೆ ನೆನಪಿರಲಿಲ್ಲ. ನಗಿಸಿದವನಿಗೆ ನಗು ನೆನಪಿರುತ್ತದೆ, ಮಾತು ಜಾರಿಹೋಗಿರುತ್ತದೆ.

"ಕವಿಗಳೇ, ಒಂದ್ನಿಮಿಷ ಇರಿ…" ಎಂದಳು ಬಣ್ಣದಮ್ಮ. ಕುಂಚ ಬಾಯಿಂದ ಬಿದ್ದಿತ್ತು.

ಅವನು ಒತ್ತಿಯಾಗಿತ್ತು.

ಭಾವ ಫೋನನ್ನು ಹಲಗೆಯ ಮೇಲೆ, ದವಡೆಗಳ ನಡುವೆ ಒರಗಿಸಿಟ್ಟು, ಮಗಳು ಹೇಳಿಕೊಟ್ಟಲ್ಲಿ ಒತ್ತಿದರು. ನಡುಗುವ ಬೆರಳು ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಗುರಿ ಮುಟ್ಟಿತು.

"ಪ್ರೀತಿಯ ಮೈದುನ" ಎಂದಿತು ಫೋನು. ಹೆಂಗಸಿನ ದನಿ, ಸಿಟ್ಟಿಲ್ಲ, ಸಂತೋಷವಿಲ್ಲ, ಉಸಿರೂ ಇಲ್ಲ. "ಚಿತ್ರ. ಮುಂದಿನ ಹಲ್ಲು ಮೂಡಲಿಗೆ ಕೋರೆಹಲ್ಲು ಪಡುವಲಿಗೆ ನಡುವೆ ನಿಂತ ನಾಲಿಗೆಗೆ ದಾರಿ ಯಾವ ಊರಿಗೆ. ಗಾರೆ. ನಕ್ಕು ಕಣ್ಣೀರು ಸುರಿಸುವ ಮುಖ. ನಕ್ಕು ಕಣ್ಣೀರು ಸುರಿಸುವ ಮುಖ. ನಕ್ಕು ಕಣ್ಣೀರು ಸುರಿಸುವ ಮುಖ."

ಭಾವ ಗಟ್ಟಿಯಾಗಿ ನಕ್ಕರು. "ಭಲೆ! ಯಾರ ಕೈಕೆಲಸನಯ್ಯಾ ಅದು, ಪಾಪ?"

ಗಾರೆ ಬಟ್ಟಲಿನಲ್ಲಿ ಗಾರೆ ಕಲಸುತ್ತಲೇ ಇದ್ದ. ಅದು ಅವನ ಕೈಯಲ್ಲೇ ಗಟ್ಟಿಯಾಗತೊಡಗಿತ್ತು.

"ಭಾವ, ಅದನ್ನ ಆಮೇಲೆ ಕೇಳಿದ್ರಾಯ್ತು, ಕೆಲಸ ನಿಂತಿದೆ" ಎಂದ ಕವಿ. ಅವನ ದನಿ ಅವನಿಗೇ ಪಕ್ಕದ ಕೋಣೆಯಿಂದ ಬಂದಂತಿತ್ತು.

"ಇರಯ್ಯಾ, ನಿನ್ನ ಪದ್ಯ ಕೇಳೋಕೆ ಪುಣ್ಯ ಬೇಕು. ಇಷ್ಟು ದಿನ ನನಗೊಬ್ಬನಿಗೇ ತಪ್ಪಿಸಿದ್ಯಲ್ಲ."

"ಪ್ರೀತಿಯ ಮೈದುನ. ಹಗಲು ಭಾವನ ಕೈ ಬರೆದದ್ದು ನಡುಗುವ ಅಕ್ಷರ ಸಂಜೆ ಕೂತು ತಿದ್ದಿ ಕೊಡುವೆ ನಾನು ಮೇಷ್ಟರ ಥರ."

ಬರೆಯುವಾಗ ಆ ಸಾಲುಗಳಿಗೊಂದು ನಡಿಗೆಯಿತ್ತು. ಪ್ರಾಸ ಬಂದಲ್ಲಿ ಒಂದು ಸಣ್ಣ ಕುಣಿತವಿತ್ತು, ತುಂಟತನವಿತ್ತು. ಆ ಕುಣಿತದ ಮರೆಯಲ್ಲಿ ಏನನ್ನೂ ಹೇಳಬಹುದಿತ್ತು. ಯಂತ್ರದ ಹೆಂಗಸಿಗೆ ಲಯ ಗೊತ್ತಿಲ್ಲ. ಅವಳು ಹೂವಿನಿಂದ ಎಸಳು ಕಿತ್ತಂತೆ ಲಯವನ್ನೆಲ್ಲ ಕಿತ್ತು, ಉಳಿದ ತೊಟ್ಟನ್ನು ಮಾತ್ರ ಹಿಡಿದು ತೋರಿಸುತ್ತಿದ್ದಳು. ಕವಿ ತನ್ನ ಪದ್ಯದ ಅರ್ಥವನ್ನು ಮೊದಲ ಸಲ ಕೇಳಿಸಿಕೊಂಡ.

ಭಾವನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತ ಜಾಹೀರಾತಿನ ಹಾಗೆ.

ಹಲ್ಲು ಉಜ್ಜಿ ಹೊಳಪು ಕೊಡುವ ಸಣ್ಣ ಕೋಣೆ ಒಳಗಿತ್ತು. ಏನೋ ತರುವವನಂತೆ ಕವಿ ಅಲ್ಲಿಗೆ ನುಗ್ಗಿದ. ಗೋಡೆಯ ಆಚೆ ದನಿ ಸಾಗುತ್ತಲೇ ಇತ್ತು. ಬೆರಳುಗಳು ಬೆವೆತು ಪರದೆಯ ಮೇಲೆ ಜಾರುತ್ತಿದ್ದವು. ಹಳೆಯ ಸಂದೇಶಗಳನ್ನು ಎಲ್ಲರ ಫೋನಿನಿಂದಲೂ ತೆಗೆಯಲು ಆ್ಯಪ್ ಒಪ್ಪಲಿಲ್ಲ. ಅವಕ್ಕೆ ಗಡುವು ಮೀರಿತ್ತು. ಈಚಿನದಕ್ಕೆ ಮಾತ್ರ ಅವಕಾಶ. ಮೇಲಕ್ಕೆ, ಕೆಳಕ್ಕೆ ಸರಿಸಿ, ಕೊನೆಗೆ ಹುಡುಕಿದ್ದು ಸಿಕ್ಕಿತು. ಕಪ್ಪು ಬಟ್ಟೆಯ ಮೇಲೆ ಅಕ್ಕನ ಹಲ್ಲು. ಅದರ ಕೆಳಗೆ:

ಗಂಡನ ಹೆಸರಿನ ನಗುವ ಹೊತ್ತು ಅಕ್ಕ ನಡೆದಳು ಮನೆಗೆ;
ಒಳಗೊಳಗೇ ಗೊತ್ತು ನಗುವಿಗೆ, ತಾನು ತಮ್ಮನ ಕೊಡುಗೆ.

ಆ ಎರಡು ಸಾಲು ಬರೆದ ಸಂಜೆ ತಾನು ಎಷ್ಟು ಖುಷಿಪಟ್ಟಿದ್ದೆನೆಂಬುದು ಈಗ ನೆನಪಾಯಿತು. ಅಳಿಸು ಎಂದು ಒತ್ತಿದ. ಎಲ್ಲರಿಗೂ ಅಳಿಸು ಎಂದು ಒತ್ತಿದ. ಸಾಲು ಮಾಯವಾಯಿತು. ಉಳಿದದ್ದೆಲ್ಲ ಹೋದರೂ ಚಿಂತೆಯಿಲ್ಲ, ಅಕ್ಕನ ಸೆಟ್ಟೊಂದು ಭಾವನದಾಗಿಯೇ ಉಳಿಯಲಿ. ತನ್ನನ್ನು ಬಯ್ಯಲಿ, ಹೊಡೆಯಲಿ, ಅದೊಂದು ಅವರಿಗಿರಲಿ. ಹೀಗೆ ಅಂದುಕೊಳ್ಳುತ್ತ ಹೊರಗೆ ಬಂದ.

ದನಿ ಅಷ್ಟರಲ್ಲಿ ಅಲ್ಲಿಗೇ ತಲುಪಿತ್ತು.

"ಪ್ರೀತಿಯ ಮೈದುನ. ಚಿತ್ರ. ಬಣ್ಣದಮ್ಮ. ಎಂಥ ಸೊಗಸು. ಪ್ರೀತಿಯ ಮೈದುನ. ಈ ಸಂದೇಶವನ್ನು ಅಳಿಸಲಾಗಿದೆ. ಗಾರೆ. ನಕ್ಕು ಕಣ್ಣೀರು ಸುರಿಸುವ ಮುಖ. ಅಕ್ಕನ ಬಾಯಲ್ಲಿ ಕವಿಗಳ ಕೆಲಸ, ಭಾವನಿಗೆ ಹೊಗಳಿಕೆ. ಬಣ್ಣದಮ್ಮ. ಅಯ್ಯೋ ಪಾಪ, ಅಕ್ಕನಿಗೆ ಮಾತ್ರ ಗೊತ್ತಾಗೋದು ಬೇಡ. ಹೊಸ ಸಂದೇಶಗಳಿಲ್ಲ."

ತನ್ನ ಮಾತನ್ನು ಅವನು ಅಳಿಸಿದ್ದ. ಅದರ ಸುತ್ತ ನಿಂತು ನಕ್ಕವರನ್ನು ಅಳಿಸಲು ಅವನಿಗೆ ಹೊಳೆದಿರಲಿಲ್ಲ. ಬಾವಿ ಮುಚ್ಚಿದರೂ ಕಟ್ಟೆ ಉಳಿದಿತ್ತು.

ಭಾವ ಹಿತ್ತಾಳೆಯ ಚೌಕಟ್ಟಿನತ್ತ ತಿರುಗಿದರು. ಅದರಲ್ಲಿ ನಿನ್ನೆ ಅವರು ಕೂರಿಸಿ ಹೋದ ಹಲ್ಲುಗಳು ಈ ಬೆಳಿಗ್ಗೆ ನೆಟ್ಟಗೆ ನಿಂತಿದ್ದವು.

"ಹಾಗಾದ್ರೆ ಮೇಣ ಕೂತ್ಕೊಳ್ತಿರಲಿಲ್ಲ" ಎಂದರು. ಪ್ರಶ್ನೆಯಾಗಿರಲಿಲ್ಲ ಅದು.

"ಭಾವ…"

"ಎಲ್ಲಾನೂನಾ?"

ಕವಿ ತಲೆ ತಗ್ಗಿಸಿದ.

"ಅವಳದ್ದೂ?"

ತಲೆ ಆಗಲೇ ತಗ್ಗಿತ್ತು. ಇನ್ನೂ ತಗ್ಗಿಸಲು ಜಾಗವಿರಲಿಲ್ಲ. ಭಾವ ಹಲಗೆಯ ಮೇಲಿನ ಚಾಕುವನ್ನು ಎತ್ತಿದರು. ಎತ್ತಿ, ತಮ್ಮ ಕೈಯನ್ನು ಪರೀಕ್ಷಿಸುವವರಂತೆ ಮುಖದ ಮುಂದೆ ಹಿಡಿದರು. ಚಾಕುವಿನ ತುದಿ ಬಿಸಿಲಿನಲ್ಲಿ ಥರಗುಟ್ಟಿತು. ಅದರ ಬೆಳಕಿನ ಚೂರು ಗೋಡೆಯ ಮೇಲೆಲ್ಲ ಓಡಾಡಿತು. ಮೂವರೂ ಬೇರೆ ಬೇರೆ ಕಡೆಗೆ ನೋಡಿದರು. ಭಾವ ಚಾಕುವನ್ನು ಹಲಗೆಯ ಮೇಲಿಟ್ಟಾಗ ಅದು ಮರಕ್ಕೆ ಟಕಟಕನೆ ಬಡಿದು ಸುಮ್ಮನಾಯಿತು. ಕನ್ನಡಕ, ಊಟದ ಡಬ್ಬಿ, ಫೋನು ಒಂದೊಂದಾಗಿ ಚೀಲಕ್ಕೆ ಸೇರಿದವು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಬೀದಿಯ ಗದ್ದಲದಲ್ಲಿ ಕರಗಿತು.

"ಕೇಳಿ ಒತ್ತಬಾರದಿತ್ತಾ?" ಎಂದಳು ಬಣ್ಣದಮ್ಮ ಕೊನೆಗೆ.

"ಬರೆಯೋವಾಗಲೇ ಬೇಡ ಅನ್ನಬಾರದಿತ್ತಾ ನೀವು?" ಎಂದ ಗಾರೆ ಅವಳಿಗೆ.

"ನೀನು ಸುಮ್ಮನಿರು. ಒಂದು ಸಾಲದು ಅಂತ ಮೂರು ಮೂರು ಮುಖ ಒತ್ತುತ್ತಿದ್ದವನು ನೀನು."

"ನಗು ಬಂತು, ಒತ್ತಿದೆ. ಕವಿಗಳು ಕಳಿಸಿದಾಗ ನಗದೇ ಇದ್ರೆ ಬೇಜಾರು ಮಾಡ್ಕೋತಾರೆ ಅಂತ."

ಗಾರೆ ಹೇಳಿದ್ದು ನಿಜವಾಗಿತ್ತು. ನಗುವ ಮುಖ ಬರುವುದು ತಡವಾದರೆ ಕವಿ ಫೋನು ತೆಗೆದು ತೆಗೆದು ನೋಡುತ್ತಿದ್ದ.

ಮರುದಿನ ಭಾವ ಬರಲಿಲ್ಲ, ಅದರ ಮರುದಿನವೂ. ಕವಿ ಅವರಿಗೆ ಸಂದೇಶ ಬರೆಯಲು ಕೂತ. 'ಭಾವ, ಕ್ಷಮಿಸಿ' ಎಂದು ಬರೆದ. ಅದು ಬಸ್ಸಿನಲ್ಲಿ ಕಾಲು ತುಳಿದವನು ಹೇಳುವ ಮಾತಿನಂತೆ ಕಂಡಿತು, ಅಳಿಸಿದ. 'ನಾನು ತಿದ್ದಿದ್ದು ಪ್ರೀತಿಯಿಂದ' ಎಂದು ಬರೆದ. ಹಾಗಾದರೆ ನಕ್ಕದ್ದು ಯಾವುದರಿಂದ ಎಂದು ತನ್ನನ್ನೇ ಕೇಳಿಕೊಂಡು ಅದನ್ನೂ ಅಳಿಸಿದ. ಬರೆಯುತ್ತಿರುವಾಗಲೇ ಇನ್ನೊಂದು ವಿಷಯ ಹೊಳೆದು ಅವನ ಕೈ ನಿಂತಿತು: ಇವನು ಇಲ್ಲಿ ಬೆರಳಾಡಿಸುತ್ತಿದ್ದರೆ ಅಲ್ಲಿ ಭಾವನ ಪರದೆಯ ಮೇಲೆ 'ಬರೆಯುತ್ತಿದ್ದಾರೆ' ಎಂದು ಕಾಣುತ್ತಿರುತ್ತದೆ. ಮೂಡುತ್ತದೆ, ಮಾಯವಾಗುತ್ತದೆ, ಮತ್ತೆ ಮೂಡುತ್ತದೆ. ಪ್ರೀತಿಯ ಮೈದುನ ಬರೆಯುತ್ತಿದ್ದಾನೆ. ತನ್ನ ಹೇಡಿತನದ ಒಂದೊಂದು ಉಸಿರೂ ಅಲ್ಲಿ ಕಾಣಿಸುತ್ತಿದೆಯೆಂದು ಅನ್ನಿಸಿ, ಫೋನನ್ನು ಮಗುಚಿಟ್ಟ. ತಿರುಗಿ ತೆಗೆದಾಗ ಗುಂಪಿನಲ್ಲಿ ಒಂದು ಸಾಲಿತ್ತು: ಭಾವ ಗುಂಪನ್ನು ಬಿಟ್ಟಿದ್ದಾರೆ. ಈಗಿನ ಆ್ಯಪಿನಲ್ಲಿ ಅದು ಎಲ್ಲರಿಗೂ ಕಾಣುವುದಿಲ್ಲ, ಗುಂಪು ಕಟ್ಟಿದವನಿಗೆ ಮಾತ್ರ. ಬಿಟ್ಟುಹೋಗುವವರ ಮರ್ಯಾದೆ ಉಳಿಯಲೆಂದು ಮಾಡಿದ ಸೌಲಭ್ಯವಂತೆ. ಅದನ್ನೂ ಉಳಿದವರಿಗೆ ಅವನೇ ಪಾಠ ಮಾಡಿದ್ದ.

ವಾರದ ಕೊನೆಗೆ ಅಕ್ಕ ಫೋನು ಮಾಡಿದಳು. "ಏನೋ ನೀನು, ಸತ್ತಿದ್ಯೋ ಬದುಕಿದ್ಯೋ? ನಿಮ್ಮ ಭಾವ ಕೆಲಸ ಬಿಡ್ತೀನಿ ಅಂತ ಮೂಲೆ ಹಿಡಿದು ಕೂತಿದಾರೆ. ಬಾ, ಬಂದು ಒಂದು ಮಾತು ಹೇಳು. ನನ್ನ ಮಾತು ಕೇಳಲ್ಲ ಇವರು." ದನಿಯಲ್ಲಿ ಬೇರೇನೂ ಇರಲಿಲ್ಲ. ಅವಳಿಗೆ ಗೊತ್ತಿಲ್ಲವೆಂದು ಅವನಿಗೆ ತಿಳಿಯಿತು. ಅದರಿಂದ ಒಂದು ಕ್ಷಣ ಹಗುರವಾಯಿತು. ಹಗುರವಾದದ್ದಕ್ಕೆ ಮರುಕ್ಷಣವೇ ನಾಚಿದ.

ಮೂರನೆಯ ಮಹಡಿಯ ಅವರ ಮನೆಗೆ ಹತ್ತುವಾಗ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಇಬ್ಬರೆದುರಿಗೂ ಒಪ್ಪಿಕೊಂಡುಬಿಡುವುದು, ಬಯ್ಯಿಸಿಕೊಳ್ಳುವುದು, ಕಾಲು ಹಿಡಿಯುವುದು. ಬಾಗಿಲು ತೆರೆದ ಅಕ್ಕ ಮುಖ ತುಂಬ ನಕ್ಕಳು. ಇಪ್ಪತ್ತು ವರ್ಷ ಚಿಕ್ಕವಳಾಗಿ ಕಂಡಳು. ಆ ನಗುವಿನ ಒಂದೊಂದು ಹಲ್ಲಿನ ಓರೆಯೂ ಅವನ ಬೆರಳಿಗೆ ಗೊತ್ತಿತ್ತು. ಅವನು ಕಣ್ಣು ತಪ್ಪಿಸಿದ.

ಭಾವ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದರು.

"ಬಾರಯ್ಯಾ, ಕೂತ್ಕೋ" ಎಂದರು. ಅಷ್ಟೇ.

ಅಕ್ಕ ಸೇಬು ಹೆಚ್ಚುತ್ತ ಶುರುಮಾಡಿದಳು. "ಕೇಳು ಇವರ ಕಥೆ. ಕೈ ನಡುಗುತ್ತಂತೆ, ಕೆಲಸ ಸಾಕಂತೆ. ಆ ಫೋನನ್ನೂ ಕಪಾಟಿಗೆ ಹಾಕಿದಾರೆ. ಅದೇನು ಮುನಿಸೋ, ಯಾರ ಮೇಲೋ! ನೋಡಿಲ್ಲಿ," ಎಂದು ಸೇಬಿನ ಹೋಳನ್ನು ಕಟಕ್ಕನೆ ಕಚ್ಚಿದಳು. "ಕೇಳಿಸ್ತಾ? ಹೀಗೆ ಕಚ್ಚಿ ಎಷ್ಟು ವರ್ಷ ಆಗಿತ್ತೋ. ಪಕ್ಕದ ಮನೆಯವಳು ಕೇಳ್ತಾಳೆ, ಇದು ನಿಮ್ಮ ಸ್ವಂತ ಹಲ್ಲಾ ಅಂತ. ಸ್ವಂತ ಗಂಡ ಕಟ್ಟಿದ್ದು, ಸ್ವಂತ ಅಲ್ದೆ ಇನ್ನೇನು ಅಂದೆ! ನಡುಗೋ ಕೈ ಇಂಥದ್ದು ಮಾಡುತ್ತೇನೋ? ನೀನೇ ಹೇಳು, ನೀನು ಪಕ್ಕದಲ್ಲೇ ಕೂತು ನೋಡಿದವನು."

ಕವಿ ಮೆಟ್ಟಿಲು ಹತ್ತುವಾಗ ಜೋಡಿಸಿದ್ದೆಲ್ಲ ಕಲಸಿಹೋಯಿತು. ಆದರೂ ಈಗಲೇ ಹೇಳದಿದ್ದರೆ ಇನ್ನೆಂದೂ ಇಲ್ಲವೆಂದು ಬಾಯಿ ತೆರೆದ. "ಅಕ್ಕ, ಆ ಸೆಟ್ಟು…"

"ಹೇಳಪ್ಪ ಮೈದುನ" ಎಂದರು ಭಾವ. ಮೆಲ್ಲಗೆ, ಅವನ ಕಡೆಗೇ ನೋಡುತ್ತ. "ಕೇಳ್ತಿದಾಳಲ್ಲ. ಯಾರು ಕಟ್ಟಿದ್ದು ಅಂತ ಹೇಳಿಬಿಡು ಅವಳಿಗೆ."

ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೇಳಬಹುದಿತ್ತು. ಅಲ್ಲಿ ಇದ್ದದ್ದು ಬೇಡಿಕೆ. ಹಿರಿಯ ಮನುಷ್ಯನೊಬ್ಬ ತನಗಿಂತ ಕಿರಿಯನ ಎದುರು, ಹೆಂಡತಿಯ ಕಣ್ಣಿಗೆ ಬೀಳದ ಹಾಗೆ, ಕೈಯೊಡ್ಡಿ ನಿಂತಂತಿತ್ತು. ಹಾಗೆ ನಿಲ್ಲಿಸಿದವನು ತಾನು.

"ಭಾವನೇ ಅಕ್ಕ" ಎಂದ ಕವಿ. "ಬೇರೆ ಯಾರಿಗೂ ಬರಲ್ಲ ಅಂಥ ಕೆಲಸ."

"ಕೇಳಿದ್ರಾ?" ಎಂದಳು ಅಕ್ಕ ಗಂಡನ ಕಡೆ ತಿರುಗಿ, ಗೆದ್ದವಳ ಹಾಗೆ.

"ಕೇಳಿಸ್ತು."

"ಬರೀ ಮಾತಲ್ಲಿ ಹೇಳಿದ್ರೆ ಆಯ್ತೇನೋ? ಕವಿ ಅಂತ ಹೆಸರು ಬೇರೆ ನಿನಗೆ. ಎಲ್ಲಿ, ನಿಮ್ಮ ಭಾವನ ಕೈ ಮೇಲೆ ಒಂದು ಪದ್ಯ ಹೇಳು ನೋಡೋಣ. ನಿನ್ನ ಬಾಯಲ್ಲಿ ಕೇಳಿದ್ರಾದ್ರೂ ಇವರಿಗೆ ಹುರುಪು ಬರುತ್ತೆ."

ಕವಿ ತನ್ನ ಅಂಗೈಗಳನ್ನು ನೋಡುತ್ತ ಕೂತ. ಭೂಮಿ ಬಾಯಿಬಿಡಬಾರದೇ ಎಂದು ಜನ ಅನ್ನುವುದನ್ನು ಅವನು ನೂರು ಸಲ ಕೇಳಿದ್ದ; ಅದು ಅಲಂಕಾರವೆಂದು ಇಷ್ಟು ದಿನ ತಿಳಿದಿದ್ದ.

"ಬರೆದಿದ್ದಾನೆ" ಎಂದರು ಭಾವ. "ನಾನು ಕೇಳಿದೀನಿ."

"ಹೌದಾ! ನನಗೆ ಹೇಳೇ ಇಲ್ಲ. ಚೆನ್ನಾಗಿತ್ತಾ?"

ಭಾವ ಕಿಟಕಿಯ ಕಡೆ ತಿರುಗಿದರು. "ಪ್ರಾಸ ಚೆನ್ನಾಗಿತ್ತು" ಎಂದರು.

ಅಕ್ಕ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು. ಅವನು ಒಂದು ಹೋಳು ಎತ್ತಿಕೊಂಡ, ಅಗಿದ, ನುಂಗಿದ. ಆಮೇಲೆ ಎದ್ದ. ಊಟಕ್ಕೆ ನಿಲ್ಲು ಎಂದಳು ಅಕ್ಕ, ಕೆಲಸವಿದೆ ಎಂದ. ಭಾವ ಕುರ್ಚಿಯ ತೋಳು ಹಿಡಿದು ಎದ್ದು ಬಾಗಿಲವರೆಗೆ ಬಂದರು. ಯಾವಾಗಲೂ ಬೀದಿಯವರೆಗೆ ಬರುತ್ತಿದ್ದವರು, ಹೊಸ್ತಿಲ ಒಳಗೇ ನಿಂತರು.

"ಭಾವ, ತಪ್ಪಾಯ್ತು" ಎಂದ ಕವಿ, ಅಕ್ಕನಿಗೆ ಕೇಳಿಸದಷ್ಟು ಸಣ್ಣಗೆ.

"ತಿದ್ದಿದ್ದಕ್ಕೆ ತಪ್ಪು ಅನ್ಬೇಡ" ಎಂದರು ಅವರು. "ನನಗೊಂದು ಮಾತು ಹೇಳಿದ್ದಿದ್ರೆ ನಿನ್ನ ಪಕ್ಕದಲ್ಲೇ ಕೂತು ಮೇಣ ಕಾಯಿಸಿ ಕೊಡ್ತಿದ್ದೆ ಕಣೋ. ಅಷ್ಟು ಮಾಡೋಕೆ ಈ ಕೈ ಸಾಕಿತ್ತು." ಕೈಯನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡರು. "ಒಂದು ಕೆಲಸ ಮಾಡು. ಅವಳ ಸೆಟ್ಟು ಮುಂದೆ ಯಾವತ್ತಾದ್ರೂ ಸಡಿಲ ಆಗುತ್ತೆ, ಒಸಡು ಒತ್ತುತ್ತೆ. ಆಗ ನಿನ್ನ ಹತ್ತಿರ ತರ್ತೀನಿ. ನೋಡಿ ಸರಿಮಾಡಿ ಕೊಡು. ನಾನು ಮಾಡಿದೆ ಅಂತ ಹೇಳ್ತೀನಿ."

"ಆಯ್ತು ಭಾವ."

"ಯಾರಿಗೂ ಹೇಳ್ಬೇಡ."

"ಇಲ್ಲ ಭಾವ."

"ಬರೀಲೂಬೇಡ."

ಅವನು ತಲೆಯಾಡಿಸಿ ಮೆಟ್ಟಿಲ ಕಡೆ ತಿರುಗಿದ. ಒಳಗಿನಿಂದ ಅಕ್ಕ ಯಾವುದಕ್ಕೋ ನಕ್ಕದ್ದು, ಅಡ್ಡವಿಲ್ಲದ ಬಾಯಿಯ ತುಂಬು ನಗು, ಕೇಳಿಸಿತು. ಕೇಳಿಸುತ್ತಿರುವಾಗಲೇ ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.